ಒಂಬತ್ತು ಮನೆಯ ಪಟ

ಕಳೆದ ವರ್ಷದ ಮಳೆಗಾಲದ ಒಂದು ಶನಿವಾರ, ತರಗತಿಗಳೆಲ್ಲ ಮುಗಿದ ಮೇಲೆ, ಮೂರನೆಯ ವರ್ಷದ ಇಬ್ಬರು ವಿದ್ಯಾರ್ಥಿಗಳು ವಿಭಾಗದ ಕೋಣೆಗೆ ಬಂದು ನನ್ನ ಮೇಜಿನ ಮುಂದೆ ನಿಂತರು. ಕೈಯಲ್ಲೊಂದು ಹಾಳೆ. ಅದರ ಮೇಲೆ ಅಡ್ಡಕ್ಕೆ ಮೂರು, ಉದ್ದಕ್ಕೆ ಮೂರು, ಒಟ್ಟು ಒಂಬತ್ತು ಮನೆಗಳು. ಯಾವುದೋ ಹಳ್ಳಿಯಾಟದ ಪಟವಿರಬೇಕೆಂದುಕೊಂಡೆ. ಹತ್ತಿರ ಹಿಡಿದು ನೋಡಿದರೆ ಪ್ರತಿ ಮನೆಯಲ್ಲೂ ಇಂಗ್ಲಿಷಿನ ಎರಡೆರಡು ಪದಗಳು. “ಮೇಡಂ, ಇವಕ್ಕೆ ಕನ್ನಡದಲ್ಲಿ ಏನೆನ್ನಬೇಕು? ಸಂಜೆಯ ಆಟಕ್ಕೆ ಬೇಕಿತ್ತು” ಎಂದು ಅವರಲ್ಲೊಬ್ಬಳು ಕೇಳಿದಳು.

ಅದು ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಎಂಬ ಆಟ. ಓದುಗರಲ್ಲಿ ಇದನ್ನು ಕಾಣದವರಿಗಾಗಿ ಎರಡು ಮಾತು. ನಾಲ್ಕೈದು ಜನ ಒಂದು ಮೇಜಿನ ಸುತ್ತ ಕುಳಿತುಕೊಳ್ಳುತ್ತಾರೆ. ಒಬ್ಬರು ಕಥೆಯನ್ನು ನಡೆಸುವ ಸೂತ್ರಧಾರರು. ಉಳಿದವರು ಒಂದೊಂದು ಪಾತ್ರವನ್ನು ಕಲ್ಪಿಸಿಕೊಂಡು, ಆ ಪಾತ್ರದ ಬಲ, ಬುದ್ಧಿ, ಚುರುಕುತನಗಳನ್ನು ಅಂಕಿಗಳಲ್ಲಿ ಒಂದು ಹಾಳೆಯ ಮೇಲೆ ಬರೆದಿಟ್ಟುಕೊಳ್ಳುತ್ತಾರೆ. “ಎದುರಿಗೆ ಹೊಳೆ, ಹಿಂದೆ ಕಳ್ಳರು, ಈಗ ಏನು ಮಾಡುತ್ತೀರಿ?” ಎಂದು ಸೂತ್ರಧಾರರು ಕೇಳಿದರೆ ಪ್ರತಿಯೊಬ್ಬರೂ ತಮ್ಮ ಪಾತ್ರವಾಗಿ ಉತ್ತರಿಸಬೇಕು. ಕೆಲಸ ಕೈಗೂಡಿತೋ ಇಲ್ಲವೋ ಎಂಬುದನ್ನು ಇಪ್ಪತ್ತು ಮುಖದ ದಾಳ ಹೇಳುತ್ತದೆ. ರಂಗವಿಲ್ಲ, ವೇಷವಿಲ್ಲ, ಪ್ರೇಕ್ಷಕರಿಲ್ಲ, ಮಾತೇ ಎಲ್ಲ. ಆ ಪಾತ್ರದ ಹಾಳೆಯಲ್ಲಿ ಒಂದು ಸಣ್ಣ ಅಂಕಣವಿದೆ. ಆ ಪಾತ್ರವು ನೀತಿಯ ವಿಷಯದಲ್ಲಿ ಎಲ್ಲಿ ನಿಲ್ಲುತ್ತದೆ ಎಂಬುದನ್ನು ಆಟ ಶುರುವಾಗುವ ಮೊದಲೇ ಅಲ್ಲಿ ಬರೆಯಬೇಕು. ಇಂಗ್ಲಿಷಿನಲ್ಲಿ ಅದಕ್ಕೆ ‘ಅಲೈನ್‌ಮೆಂಟ್’ ಎಂದು ಹೆಸರು. ನಾವು ‘ನಿಲುವು’ ಎಂದು ಕರೆದುಕೊಂಡೆವು. ಒಂಬತ್ತು ಮನೆಯ ಪಟ ಆ ನಿಲುವುಗಳದ್ದು.

ಈ ಪಟ ಒಮ್ಮೆಗೇ ಹುಟ್ಟಿದ್ದಲ್ಲ. ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಎಂಬ ಅಮೆರಿಕದ ಇಬ್ಬರು 1974ರಲ್ಲಿ ಈ ಆಟವನ್ನು ಹೊರತಂದಾಗ ಇದ್ದದ್ದು ಮೂರೇ ನಿಲುವುಗಳು: ವ್ಯವಸ್ಥೆ, ಅವ್ಯವಸ್ಥೆ, ನಡುವೆ ನಿಂತವರು. ಪೋಲ್ ಆಂಡರ್ಸನ್, ಮೈಕೆಲ್ ಮೂರ್ಕಾಕ್ ಮುಂತಾದ ಕಾದಂಬರಿಕಾರರ ಅದ್ಭುತ ಕಥೆಗಳಿಂದ ಬಂದ ಕಲ್ಪನೆ ಅದು. ಅದರಲ್ಲಿ ನೀತಿಗಿಂತ ಪಕ್ಷವೇ ಮುಖ್ಯವಾಗಿತ್ತು. ಯುದ್ಧದಲ್ಲಿ ಯಾರು ಯಾರ ಕಡೆ ಎಂಬಷ್ಟೇ ಅದರ ಅರ್ಥ. 1977–78ರ ಹೊತ್ತಿಗೆ ಇದಕ್ಕೆ ಒಳಿತು–ಕೇಡು ಎಂಬ ಎರಡನೆಯ ಗೆರೆ ಸೇರಿಕೊಂಡು ಒಂಬತ್ತು ಮನೆಗಳಾದವು. 1978ರ ನಿಯಮಪುಸ್ತಕದಲ್ಲಿ ಒಂದು ವಿಚಿತ್ರ ವಿಧಿಯೂ ಇತ್ತು: ಪ್ರತಿ ನಿಲುವಿಗೂ ಒಂದೊಂದು ಗುಟ್ಟಿನ ಭಾಷೆ, ನಿಲುವು ಬದಲಿಸಿದವನಿಗೆ ಹಳೆಯ ಭಾಷೆಯನ್ನು ಆಡಲು ಬಾರದು. ಇದನ್ನು ಕೇಳಿ ನಮ್ಮ ಹುಡುಗರು ನಕ್ಕರು. ಮನೆಯಲ್ಲಿ ತೆಲುಗು, ಬಸ್ಸಿನಲ್ಲಿ ತಮಿಳು, ತರಗತಿಯಲ್ಲಿ ಕನ್ನಡ ಆಡುವ ಹೊಸೂರಿನ ಮಕ್ಕಳಿಗೆ ಒಂದು ಭಾಷೆಗೆ ಒಂದೇ ನೀತಿ ಎಂಬ ಮಾತು ನಗೆ ತರಿಸಿದ್ದರಲ್ಲಿ ಆಶ್ಚರ್ಯವಿಲ್ಲ.

ಅನುವಾದಕ್ಕೆ ಕುಳಿತಾಗಲೇ ತಿಳಿದದ್ದು, ಇದು ಅರ್ಧ ಗಂಟೆಯಲ್ಲಿ ಮುಗಿಯುವ ಕೆಲಸವಲ್ಲವೆಂದು. ‘ಲಾಫುಲ್’ ಎಂಬುದಕ್ಕೆ ಮೊದಲು ಹೊಳೆದದ್ದು ‘ಧರ್ಮಿಷ್ಠ’. ಆದರೆ ‘ಗುಡ್’ ಎಂಬುದಕ್ಕೂ ಅದೇ ಹೊಳೆಯಿತು. ಧರ್ಮಿಷ್ಠನೆಂದರೆ ಕಟ್ಟಳೆಯನ್ನು ಮೀರದವನೆಂದೂ ಹೌದು, ಒಳ್ಳೆಯವನೆಂದೂ ಹೌದು. ಅಧರ್ಮವೆಂದರೆ ನಿಯಮಭಂಗವೂ ಹೌದು, ಕೇಡೂ ಹೌದು. ಆಟವು ಎರಡು ಬೇರೆ ಗೆರೆಗಳಾಗಿ ಎಳೆದಿಟ್ಟದ್ದನ್ನು ನಮ್ಮ ಒಂದೇ ಪದ ಒಟ್ಟಿಗೆ ಹೊತ್ತುಕೊಂಡಿದೆ. ಇಷ್ಟು ವರ್ಷ ಕಾವ್ಯ ಪಾಠ ಮಾಡುವಾಗ ‘ಧರ್ಮ’ವೆಂಬ ಪದವನ್ನು ದಿನಕ್ಕೆ ಹತ್ತು ಸಲ ಆಡಿದ್ದೇನೆ, ಅದರೊಳಗೆ ಎರಡು ಪ್ರಶ್ನೆಗಳಿವೆಯೆಂದು ನಿಂತು ಯೋಚಿಸಿದ್ದು ಅಂದೇ. ಆದ್ದರಿಂದ ಆ ಪದವನ್ನು ಪಟದಿಂದ ಹೊರಗಿಟ್ಟು ‘ಕಟ್ಟಳೆ’, ‘ಒಳಿತು’ ಎಂದು ಬೇರೆ ಬೇರೆಯಾಗಿ ಬರೆದೆವು.

‘ಕೇಯಾಟಿಕ್’ ಎಂಬುದಕ್ಕೆ ನಾನು ‘ಸ್ವೈರ’ ಎಂದೆ. ಎದುರಿಗಿದ್ದ ಹುಡುಗಿ ತಲೆಯಲ್ಲಾಡಿಸಿದಳು. “ನನ್ನ ಪಾತ್ರ ಹೆಣ್ಣು, ಮೇಡಂ. ಅವಳನ್ನು ಸ್ವೈರಿಣಿ ಎನ್ನಬೇಕಾಗುತ್ತದೆ” ಎಂದಳು. ಗಂಡಿಗೆ ಸ್ವಾತಂತ್ರ್ಯವೆನಿಸುವುದು ಹೆಣ್ಣಿಗೆ ಬೈಗುಳವಾಗುವ ಪದ ನಮಗೆ ಬೇಡವೆಂದು ‘ಸ್ವಚ್ಛಂದ’ವನ್ನು ಆರಿಸಿಕೊಂಡೆವು. ನಡುವಿನ ಸಾಲಿಗೆ ‘ತಟಸ್ಥ’ ಸುಲಭವಾಗಿ ಸಿಕ್ಕಿತು. ತಟದಲ್ಲಿ, ಎಂದರೆ ದಡದಲ್ಲಿ, ನಿಂತವನು ತಟಸ್ಥ. ದಡದಲ್ಲಿ ನಿಂತವನು ಮುಳುಗುವುದಿಲ್ಲ. ಮುಳುಗುವವನನ್ನು ಎತ್ತುವುದೂ ಇಲ್ಲ. ಈ ಅರ್ಥ ಮುಂದೆ ನನ್ನನ್ನು ಕಾಡಲಿತ್ತು.

ಪದಗಳು ಸಿದ್ಧವಾದ ಮೇಲೆ ಸುಮ್ಮನಿರುವುದುಂಟೆ? ಮಹಾಭಾರತದವರನ್ನೆಲ್ಲ ಮನೆಗಳಲ್ಲಿ ಕೂರಿಸತೊಡಗಿದೆವು. ಭೀಷ್ಮನಿಗೆ ಕಟ್ಟಳೆಯ ಸಾಲು ಎಂಬುದರಲ್ಲಿ ಎರಡು ಮಾತಿರಲಿಲ್ಲ. ಕೊಟ್ಟ ಭಾಷೆಯನ್ನು ಆಯುಷ್ಯವಿಡೀ ಹೊತ್ತವನು. ಆದರೆ ಒಳಿತೋ, ತಟಸ್ಥವೋ? ದ್ಯೂತಸಭೆಯಲ್ಲಿ ದ್ರೌಪದಿ ಕೇಳಿದ ನೇರ ಪ್ರಶ್ನೆಗೆ ಧರ್ಮಸೂಕ್ಷ್ಮದ ಮಾತು ತೆಗೆದು ಸುಮ್ಮನಾದ ಮುದುಕ ಅವನು. ಅದೇ ಸಭೆಯಲ್ಲಿ ಎದ್ದುನಿಂತು “ಇದು ಅನ್ಯಾಯ” ಎಂದವನು ದುರ್ಯೋಧನನ ತಮ್ಮ ವಿಕರ್ಣ. ಹಿರಿಯರ ಎದುರು ಕಿರಿಯನು ಬಾಯಿ ತೆರೆಯುವುದು ಕಟ್ಟಳೆ ಮೀರಿದ ನಡೆ. ಅಂದಿನ ಒಳಿತು ಅವನ ಬಾಯಿಂದಲೇ ಬಂತು. ಆದರೂ ಯುದ್ಧದ ಹೊತ್ತಿಗೆ ಅಣ್ಣನ ಪಕ್ಷದಲ್ಲಿಯೇ ನಿಂತು ಸತ್ತನು. ಇವನಿಗೆ ಯಾವ ಮನೆ? ಕರ್ಣನ ವಿಷಯದಲ್ಲಂತೂ ಜಗಳವೇ ಆಯಿತು. ಪಂಪನನ್ನು ಓದಿದ ಕನ್ನಡದ ಹುಡುಗರು ಕರ್ಣನನ್ನು ಕೇಡಿನ ಸಾಲಿಗೆ ಇಳಿಸಲು ಬಿಡುತ್ತಾರೆಯೇ? ಜೊತೆಗೆ ಆಡಲು ಬಂದಿದ್ದ ತಮಿಳು ವಿಭಾಗದ ಹುಡುಗನೂ ‘ಕರ್ಣ ಮೋಕ್ಷಂ’ ಕೂತ್ತನ್ನು ರಾತ್ರಿಯಿಡೀ ಕುಳಿತು ನೋಡಿದವನು, ಅವನೂ ಬಿಡಲಿಲ್ಲ. “ಹಾಗಾದರೆ ದ್ರೌಪದಿಗೆ ಆ ಸಭೆಯಲ್ಲಿ ಕರ್ಣನು ಆಡಿದ ಮಾತು?” ಎಂದು ಆ ಹುಡುಗಿ ಕೇಳಿದಾಗ ಇಬ್ಬರೂ ಸುಮ್ಮನಾದರು.

ಇಲ್ಲಿಯೇ ಈ ಪಟದ ಉಪಯೋಗ ನನಗೆ ಮೊದಲ ಸಲ ಕಂಡದ್ದು. ಯಾರೂ ಒಂದು ಮನೆಯಲ್ಲಿ ಹಿಡಿಸುವುದಿಲ್ಲ ಎಂಬುದು ನಿಜ. ಆದರೆ ಒಂದು ಮನೆಯಲ್ಲಿ ಕೂರಿಸಿದ್ದರಿಂದಲೇ ಅವರು ಎಲ್ಲಿ ಹೊರಚಾಚುತ್ತಾರೆ ಎಂಬುದು ತಿಳಿಯಿತು. ಬಹುಕಾಲ ಸತ್ಯಕ್ಕೇ ನಿಂತ ಧರ್ಮರಾಯನ ರಥವು ನೆಲದಿಂದ ನಾಲ್ಕು ಅಂಗುಲ ಮೇಲೆ ಚಲಿಸುತ್ತಿತ್ತು; ಅಶ್ವತ್ಥಾಮನ ವಿಷಯದಲ್ಲಿ ಅರ್ಧಸತ್ಯ ನುಡಿದೊಡನೆ ನೆಲಕ್ಕಿಳಿಯಿತು. ಸಾಧಾರಣ ಮನುಷ್ಯನ ರಥ ಮೊದಲಿನಿಂದಲೂ ನೆಲದ ಮೇಲೆಯೇ ಇರುತ್ತದೆ; ಅವನು ಸುಳ್ಳು ಹೇಳಿದರೆ ಯಾರಿಗೂ ಕಾಣುವುದಿಲ್ಲ. ಆಟದ ಹಳೆಯ ನಿಯಮದಲ್ಲಿಯೂ ‘ಪ್ಯಾಲಡಿನ್’ ಎಂಬ ವ್ರತಧಾರಿ ಯೋಧನು ತಿಳಿದೂ ತಿಳಿದೂ ಕೇಡು ಮಾಡಿದರೆ ಅವನ ವಿಶೇಷ ಶಕ್ತಿಗಳೆಲ್ಲ ಹೋಗುತ್ತಿದ್ದವು. ನಾಗಚಂದ್ರನ ರಾವಣನದು ಇದರ ಮಗ್ಗುಲಿನ ಸ್ಥಿತಿ. ಸೀತೆಯ ದೃಢತೆಯನ್ನು ಕಂಡು ಅವನ ಮನಸ್ಸು ತಿರುಗುತ್ತದೆ. ಆದರೆ ಈಗಲೇ ಒಪ್ಪಿಸಿದರೆ ಹೆದರಿದನೆಂಬ ಮಾತು ಬಂದೀತೆಂದು, ಯುದ್ಧದಲ್ಲಿ ಗೆದ್ದು ಆಮೇಲೆ ಒಪ್ಪಿಸುವೆನೆಂದು ನಿಶ್ಚಯಿಸುತ್ತಾನೆ. ಒಳಿತು–ಕೇಡಿನ ಗೆರೆಯ ಮೇಲೆ ಅವನು ಸರಿದಿದ್ದಾನೆ, ಕಟ್ಟಳೆಯ ಗೆರೆಯ ಮೇಲೆ ಕದಲಿಲ್ಲ. ಆ ಒಂದು ಗೆರೆಯೇ ಅವನನ್ನು ಕೊಂದಿತು. ಈ ಕಾವ್ಯವನ್ನು ಹಲವು ವರ್ಷ ಪಾಠ ಮಾಡಿದ್ದರೂ ಇಷ್ಟು ಸ್ಪಷ್ಟವಾಗಿ ನಾನು ಹೇಳಿರಲಿಲ್ಲ.

ಪಟದ ಅಪಾಯ ತಿಳಿದದ್ದು ಮೂರು ವಾರದ ಬಳಿಕ. ಅಂದು ನಾನೂ ಅವರ ಮೇಜಿನ ಬಳಿ ಕುಳಿತಿದ್ದೆ. ಕಥೆಯಲ್ಲಿ ಅವರ ತಂಡ ಒಂದು ಕಾಡಿನಲ್ಲಿ ಸಿಲುಕಿತ್ತು. ಒಬ್ಬಳ ಪಾತ್ರಕ್ಕೆ ಗಾಯವಾಗಿತ್ತು. ಅವಳಿಗೆಂದೇ ಎಲ್ಲರೂ ಹಣ ಕೂಡಿಸಿ ಕೊಂಡ ಔಷಧಿಯ ಕುಪ್ಪಿಯೊಂದಿತ್ತು. ‘ಸ್ವಚ್ಛಂದ–ಕೇಡು’ ಎಂದು ಬರೆದುಕೊಂಡಿದ್ದ ಹುಡುಗನು ರಾತ್ರಿ ಕಾವಲಿನ ಸರದಿಯಲ್ಲಿ ಆ ಕುಪ್ಪಿಯನ್ನು ಕದ್ದು, ದಾರಿಹೋಕ ವ್ಯಾಪಾರಿಗೆ ಮಾರಿದನು. ಮೇಜಿನ ಸುತ್ತ ಗದ್ದಲ. ಅವನು ತನ್ನ ಹಾಳೆಯನ್ನು ತೋರಿಸಿ, “ಇಲ್ಲಿ ಹಾಗೆ ಬರೆದಿದೆ. ನನ್ನ ಪಾತ್ರ ಇರುವುದೇ ಹಾಗೆ. ನಾನೇನು ಮಾಡಲಿ?” ಎಂದನು. ಆ ಹುಡುಗಿ ದಾಳವನ್ನು ಮೇಜಿನ ಮೇಲಿಟ್ಟು ಎದ್ದುಹೋದಳು. ಕಲ್ಪನೆಯ ಗಾಯ, ಕಲ್ಪನೆಯ ಔಷಧಿ. ಆದರೆ ಅವಳ ಕಣ್ಣಲ್ಲಿ ತುಂಬಿದ ನೀರು ಕಲ್ಪನೆಯದಾಗಿರಲಿಲ್ಲ.

ಈ ನೆವವನ್ನು ಬಲ್ಲವರು ಬಹಳ. ಈ ಆಟವನ್ನು ಬಹುಕಾಲ ಆಡಿದವರಲ್ಲಿ ಹಲವರು ನಿಲುವಿನ ಅಂಕಣವನ್ನೇ ತೆಗೆದುಹಾಕಬೇಕೆನ್ನಲು ಇದೊಂದು ಮುಖ್ಯ ಕಾರಣ. ಆಟದ ಒಡೆಯರೂ 2008ರಲ್ಲಿ ಒಂಬತ್ತನ್ನು ಐದಕ್ಕೆ ಇಳಿಸಿದರು. 2014ರಲ್ಲಿ ಒಂಬತ್ತು ಮರಳಿ ಬಂದವು. ಆದರೆ ಬಹುಮಟ್ಟಿಗೆ ಹೆಸರಿಗೆ ಮಾತ್ರ. ಹಿಂದೆ ನಿಲುವು ಬದಲಿಸಿದವರಿಗೆ ಇದ್ದ ದಂಡ ಈಗ ಇಲ್ಲ.

ಆ ದಿನ ಮನೆಗೆ ಮರಳುವಾಗ ನನಗೆ ನೆನಪಾದದ್ದು ಚಿಕ್ಕಂದಿನಲ್ಲಿ ನೋಡಿದ ಭಾರತದ ಕೂತ್ತು. ನಮ್ಮ ಕೃಷ್ಣಗಿರಿ, ಧರ್ಮಪುರಿ ಸೀಮೆಯಲ್ಲಿ ದ್ರೌಪದಿಯಮ್ಮನ ಜಾತ್ರೆಯೆಂದರೆ ಹಗಲು ಭಾರತದ ಪ್ರವಚನ, ರಾತ್ರಿ ಬಯಲಿನಲ್ಲಿ ತೆರುಕ್ಕೂತ್ತು, ಕೊನೆಯ ದಿನ ಪಡುಕಳಂ. ಮಣ್ಣಿನಿಂದ ಮಾಡಿದ ಭಾರೀ ದುರ್ಯೋಧನನು ನೆಲದ ಮೇಲೆ ಮಲಗಿರುತ್ತಾನೆ. ಭೀಮನ ವೇಷಧಾರಿ ಬಂದು ತೊಡೆಗೆ ಹೊಡೆಯುತ್ತಾನೆ. ದ್ರೌಪದಿ ಮುಡಿ ಕಟ್ಟುತ್ತಾಳೆ. ಭಾಷೆ ತಮಿಳಾದರೂ ನೋಡಲು ಕನ್ನಡದವರೂ ತೆಲುಗಿನವರೂ ಚಾಪೆ ಹಿಡಿದು ಹೋಗುತ್ತಿದ್ದೆವು. ಅಲ್ಲಿ ಪಾತ್ರಗಳು ಸುಮ್ಮನೆ ಬಂದು ನಿಲ್ಲುವುದಿಲ್ಲ. ಪರದೆಯ ಹಿಂದಿನಿಂದಲೇ ಹಾಡುತ್ತ ತಮ್ಮ ಪರಿಚಯ ಹೇಳಿಕೊಳ್ಳುತ್ತವೆ. ಕಟ್ಟಿಯಕ್ಕಾರನೆಂಬ ಹಾಸ್ಯಗಾರ ಅವರನ್ನು ಕೇಳಿ ಕೇಳಿ ಮಾತನಾಡಿಸುತ್ತಾನೆ. ನಮ್ಮ ಮೂಡಲಪಾಯದಲ್ಲಿ ಇದೇ ಕೆಲಸವನ್ನು ಸಾರಥಿ ಮಾಡುತ್ತಾನೆ. ನೀನು ಯಾರು, ಯಾವ ಕುಲ, ಏಕೆ ಬಂದೆ ಎಂಬುದನ್ನು ಸಭೆಗೆ ತಿಳಿಸದೆ ಆಟ ಮುಂದುವರಿಯುವಂತಿಲ್ಲ. ಮುಖದ ಬಣ್ಣವೂ ಒಂದು ಪರಿಚಯವೇ. ಗಡಿಯಾಚೆಯ ಕಥಕ್ಕಳಿಯಲ್ಲಿ ರಾವಣ, ದುರ್ಯೋಧನರಿಗೆ ‘ಕತ್ತಿ’ ಎಂಬ ವೇಷವುಂಟು: ಹಸಿರು ಬಳಿದ ಮುಖದ ಮೇಲೆ ಕತ್ತಿಯಾಕಾರದ ಕೆಂಪು. ಹಸಿರು ಕುಲದ ಹಿರಿಮೆಗೆ, ಕೆಂಪು ಒಳಗಿನ ಕೇಡಿಗೆ. ಒಂದೇ ಮುಖದಲ್ಲಿ ಎರಡು ಗೆರೆಗಳು. ಒಂಬತ್ತು ಮನೆಯ ಪಟ ಹುಟ್ಟುವ ಎಷ್ಟೋ ಮೊದಲು ನಮ್ಮ ಕಡೆಯ ವೇಷದವರು ಅದನ್ನು ಮುಖದ ಮೇಲೆ ಬರೆದುಕೊಂಡಿದ್ದರು.

ಆದರೆ ನೆನಪಾದದ್ದು ಇಷ್ಟೇ ಅಲ್ಲ. ವಸ್ತ್ರಾಪಹರಣದ ರಾತ್ರಿ, ದುಶ್ಶಾಸನನ ವೇಷದವನು ಅಬ್ಬರಿಸುತ್ತ ಬಂದು ದ್ರೌಪದಿಯ ಸೀರೆಗೆ ಕೈ ಹಾಕುವ ಮೊದಲು ತಟ್ಟನೆ ನಿಂತುಬಿಟ್ಟನು. ಮೃದಂಗ ನಿಂತಿತು. ಕರ್ಪೂರ ಹಚ್ಚಿದರು. ಆ ಕೆಂಪು ಮುಖದ ಮನುಷ್ಯನು ದ್ರೌಪದಿಯ ವೇಷದ ಎದುರು ಕೈಮುಗಿದು, ತಾಯಿ, ಇದು ಆಟ, ಹೊಟ್ಟೆಪಾಡಿಗೆ ಕಟ್ಟಿದ ವೇಷ, ತಪ್ಪಾದರೆ ಕ್ಷಮಿಸು ಎಂದು ಬೇಡಿಕೊಂಡನು. ಆಮೇಲೆಯೇ ಸೀರೆ ಹಿಡಿದದ್ದು. ಅಂದು ನನಗೆ ಎಂಟೋ ಒಂಬತ್ತೋ ವರ್ಷ. ರಾಕ್ಷಸನಂತೆ ಕೂಗುತ್ತಿದ್ದವನು ಅಳುವ ಧ್ವನಿಯಲ್ಲಿ ಮಾತಾಡಿದ್ದನ್ನು ಕೇಳಿ ಅಜ್ಜಿಯ ಸೆರಗು ಹಿಡಿದುಕೊಂಡಿದ್ದೆ. ದುಶ್ಶಾಸನನ ವೇಷದವರು ಹೀಗೆ ಬೇಡಿಕೊಳ್ಳುವುದು ಈ ಆಟದ ರೂಢಿಯೆಂದು ತಿಳಿದದ್ದು ದೊಡ್ಡವಳಾದ ಮೇಲೆ.

ಮುಂದಿನ ಶನಿವಾರ ಮಕ್ಕಳಿಗೆ ಇದನ್ನು ಹೇಳಿದೆ. ಕೇಡಿಗನ ವೇಷ ಕಟ್ಟುವುದರಲ್ಲಿ ತಪ್ಪಿಲ್ಲ. ಕೇಡಿಗನಿಲ್ಲದೆ ಆಟವೇ ಇಲ್ಲ. ಆದರೆ ವೇಷದವನು ತಾನು ಯಾರೆಂಬುದನ್ನು ಮರೆಯಲಿಲ್ಲ. ಹಾಳೆಯಲ್ಲಿ ಬರೆದದ್ದು ಪಾತ್ರದ ನಿಲುವು. ಆ ಪಾತ್ರವನ್ನು ಬರೆದವನು, ಅದರ ಕೈಯಿಂದ ಕದಿಸಿದವನು, ಎದುರಿಗೆ ಕುಳಿತ ಗೆಳತಿಯ ಮುಖ ನೋಡಬೇಕಾದವನು ಬೇರೊಬ್ಬನಿದ್ದಾನೆ. ಹುಡುಗನು ಏನೂ ಹೇಳಲಿಲ್ಲ. ಆದರೆ ಅಂದಿನಿಂದ ಅವರೇ ಒಂದು ನಿಯಮ ಮಾಡಿಕೊಂಡರು: ತಂಡದವರಿಗೆ ಕೇಡು ಮಾಡುವ ಮುನ್ನ ಆಟ ನಿಲ್ಲಿಸಿ, ಆ ಕೇಡು ತಗಲುವವರ ಒಪ್ಪಿಗೆ ಕೇಳಬೇಕು. ಅದಕ್ಕೆ ಅವರಿಟ್ಟ ಹೆಸರು ‘ಕರ್ಪೂರ’. “ಕರ್ಪೂರ ಹಚ್ಚು” ಎಂದು ಯಾರಾದರೂ ಕೂಗಿದರೆ ದಾಳ ನಿಲ್ಲುತ್ತದೆ. ಎದ್ದುಹೋಗಿದ್ದ ಹುಡುಗಿಯೂ ಮರಳಿ ಬಂದಳು.

ಅದೇ ಸಂಜೆ, ಹೊರಡುವಾಗ, ಅವಳು ಕೇಳಿದಳು: “ಮೇಡಂ, ನಿಮ್ಮ ಮನೆ ಯಾವುದು?”

“ಕಟ್ಟಳೆ–ಒಳಿತು” ಎಂದೆ. ಯೋಚಿಸಲೇ ಇಲ್ಲ. ಮಕ್ಕಳೂ ಒಪ್ಪಿದರು, ಹೊತ್ತಿಗೆ ಸರಿಯಾಗಿ ತರಗತಿಗೆ ಬರುವವಳು, ಪುಸ್ತಕವನ್ನು ಒಂದು ದಿನ ತಡವಾಗಿ ಹಿಂದಿರುಗಿಸಿದರೂ ಕೇಳುವವಳು, ಬೇರೆ ಯಾವ ಮನೆಗೆ ಹೋದಾಳು?

ಆ ರಾತ್ರಿ ನಿದ್ದೆ ಬರಲಿಲ್ಲ. ಹಲವು ವರ್ಷಗಳ ಹಿಂದೆ, ಬೇರೊಂದು ಕಾಲೇಜಿನಲ್ಲಿ, ನನ್ನ ಮೊದಲ ಗಂಟೆಯ ತರಗತಿಗೆ ದಿನವೂ ತಡವಾಗಿ ಬರುವ ಹುಡುಗನೊಬ್ಬನಿದ್ದನು. ರಾತ್ರಿ ಪಾಳಿಯಲ್ಲಿ ಕಾರ್ಖಾನೆಯ ಕೆಲಸ. ಬೆಳಿಗ್ಗೆ ಪಾಳಿ ಬಿಟ್ಟು, ಬಸ್ಸು ಹಿಡಿದು, ನೇರವಾಗಿ ತರಗತಿಗೆ ಬರುತ್ತಿದ್ದನು. ಬಾಗಿಲಲ್ಲಿ ನಿಂತ ಅವನ ಕೈಯಲ್ಲಿ ಎಣ್ಣೆಯ ಕಪ್ಪು ಇನ್ನೂ ಹೋಗಿರುತ್ತಿರಲಿಲ್ಲ. ಹತ್ತು ನಿಮಿಷ ಮೀರಿದರೆ ಗೈರುಹಾಜರಿ ಎಂಬುದು ನನ್ನ ಕ್ರಮ. ಒಳಗೆ ಕುಳಿತು ಪಾಠ ಕೇಳಲು ಬಿಡುತ್ತಿದ್ದೆ, ಹಾಜರಿ ಹಾಕುತ್ತಿರಲಿಲ್ಲ. ವರ್ಷದ ಕೊನೆಗೆ ಅವನ ಹಾಜರಿ ಪರೀಕ್ಷೆಗೆ ಬೇಕಾದ ಶೇಕಡಾ 75ನ್ನು ಮುಟ್ಟಲಿಲ್ಲ. ಕೊರತೆಯಿದ್ದವರ ಪಟ್ಟಿಗೆ ಸಹಿ ಹಾಕಿದವಳು ನಾನೇ. ಅವನು ಬಂದು ಕೇಳಿದಾಗ, “ಕಟ್ಟಳೆ ಎಲ್ಲರಿಗೂ ಒಂದೇ ಅಲ್ಲವೇನಪ್ಪಾ?” ಎಂದೆ. ಅವನು ಜಗಳವಾಡಲಿಲ್ಲ. ಪರೀಕ್ಷೆ ಬರೆಯಲಿಲ್ಲ. ಮರುವರ್ಷ ಬರಲೂ ಇಲ್ಲ.

ಇದನ್ನು ನಾನು ಮರೆತಿರಲಿಲ್ಲ. ಆದರೆ ಇಷ್ಟು ವರ್ಷ ಇದನ್ನು ‘ಧರ್ಮ’ವೆಂಬ ಪದದೊಳಗೆ ಸುತ್ತಿ ಇಟ್ಟಿದ್ದೆ. ಎಲ್ಲರಿಗೂ ಒಂದೇ ನ್ಯಾಯ ಮಾಡಿದೆ, ಮನಸ್ಸಿಗೆ ನೋವಾಯಿತು, ಆದರೂ ಧರ್ಮ ಮೀರಲಿಲ್ಲ ಎಂಬಂತೆ. ಪಟವು ಆ ಒಂದು ಪದವನ್ನು ಎರಡಾಗಿ ಸೀಳಿದ ಮೇಲೆ ಆ ಸಮಾಧಾನ ಉಳಿಯಲಿಲ್ಲ. ಕಟ್ಟಳೆಯನ್ನು ಕಾದೆನೇ? ಕಾದೆ. ಒಳಿತನ್ನು ಮಾಡಿದೆನೇ? ಆ ಪ್ರಶ್ನೆಯನ್ನು ನಾನು ಕೇಳಿಕೊಂಡಿರಲೇ ಇಲ್ಲ. ಇನ್ನೊಂದು ವಿಷಯವನ್ನೂ ಇಲ್ಲಿ ಹೇಳಲೇಬೇಕು. ತಕ್ಕ ಕಾರಣವಿದ್ದವರು ಅರ್ಜಿ ಕೊಟ್ಟು, ಶುಲ್ಕ ಕಟ್ಟಿ, ಹಾಜರಿಯ ಕೊರತೆಯನ್ನು ಮನ್ನಾ ಮಾಡಿಸಿಕೊಳ್ಳಲು ಅದೇ ಕಟ್ಟಳೆಯಲ್ಲಿ ದಾರಿಯಿತ್ತು. ಅವನಿಗೆ ಅದು ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು. ಅವನು ಕೇಳಲಿಲ್ಲ, ನಾನು ಹೇಳಲಿಲ್ಲ. ದ್ವೇಷವಿರಲಿಲ್ಲ, ಕೇಡು ಬಯಸಿರಲಿಲ್ಲ. ದಡದಲ್ಲಿ ನಿಂತಿದ್ದೆ, ಅಷ್ಟೆ. ಭೀಷ್ಮನನ್ನು ಯಾವ ಮನೆಗೆ ಕೂರಿಸಬೇಕೆಂದು ಅಷ್ಟು ಹೊತ್ತು ವಾದಿಸಿದವಳಿಗೆ ತನ್ನ ಮನೆ ಯಾವುದೆಂದು ತಿಳಿಯಲು ಒಂದು ಆಟ ಬೇಕಾಯಿತು.

ನಿಲುವಿನ ಅಂಕಣ ಬೇಕೇ ಬೇಡವೇ ಎಂದು ನನ್ನನ್ನು ಕೇಳಿದರೆ ಬೇಕೆಂದೇ ಹೇಳುತ್ತೇನೆ. ಅದು ಮನುಷ್ಯರನ್ನು ಅಳೆಯುವ ಸೇರಲ್ಲ. ಇನ್ನೊಬ್ಬರ ಹಣೆಗೆ ಹಚ್ಚುವ ಚೀಟಿಯಂತೂ ಅಲ್ಲವೇ ಅಲ್ಲ. ತಪ್ಪು ಮಾಡಿ ತೋರಿಸುವ ರಹದಾರಿಯಾದರೆ ಹರಿದುಹಾಕುವುದೇ ಮೇಲು. ಆದರೆ ಆಟಕ್ಕೆ ಮೊದಲು “ನಾನು ಇಲ್ಲಿ ನಿಲ್ಲುತ್ತೇನೆ” ಎಂದು ಬರೆದಿಟ್ಟವನಿಗೆ, ಆಟ ಮುಗಿದ ಮೇಲೆ “ನಾನು ಎಲ್ಲಿ ನಿಂತೆ?” ಎಂದು ನೋಡಿಕೊಳ್ಳಲು ಒಂದು ಗುರುತು ಸಿಗುತ್ತದೆ. ಬರೆಯದವನಿಗೆ ಆ ಗುರುತು ಇಲ್ಲ. ಅವನು ನಿಂತಲ್ಲಿಯೇ ಒಳಿತು ಎಂದು ನಂಬಿಕೊಂಡು ಹೋಗಬಹುದು, ನಾನು ಹೋದ ಹಾಗೆ.

ಮರುವಾರ ಆ ಹುಡುಗಿಗೆ ನನ್ನ ಉತ್ತರವನ್ನು ತಿದ್ದಿ ಹೇಳಿದೆ. ಕಾರಣವನ್ನೂ ಹೇಳಿದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, “ನಾವು ನಿಲುವನ್ನು ಪೆನ್ಸಿಲ್ಲಿನಲ್ಲೇ ಬರೆಯುವುದು, ಮೇಡಂ. ನಾಲ್ಕೈದು ಆಟಕ್ಕೊಮ್ಮೆ ಎಲ್ಲರೂ ನೋಡಿ ಬದಲಾಯಿಸುತ್ತೇವೆ” ಎಂದಳು.

ಈ ವರ್ಷ ಮೊದಲ ತಿಂಗಳ ಕೊನೆಯಲ್ಲಿಯೇ ಹಾಜರಿ ಪುಸ್ತಕವನ್ನು ಒಮ್ಮೆ ತಿರುವಿ ನೋಡಿದೆ. ಮೂವರ ಹೆಸರಿನ ಎದುರು ಖಾಲಿ ಮನೆಗಳು ಹೆಚ್ಚಿದ್ದವು. ಮೂವರನ್ನೂ ಕರೆದು, ಏಕೆಂದು ಕೇಳಿ, ಮನ್ನಾ ಅರ್ಜಿಯ ದಾರಿಯನ್ನು ತಿಳಿಸಿದೆ. ಅವರಲ್ಲಿ ಇಬ್ಬರು ಕೆಲಸಕ್ಕೆ ಹೋಗುವವರು. ಇನ್ನೊಬ್ಬನು ಬರೀ ಸೋಮಾರಿ. ಅವನಿಗೆ ಕಟ್ಟಳೆಯನ್ನೇ ಹೇಳಿ ಕಳುಹಿಸಿದೆ.

ಶನಿವಾರದ ಆಟ ನಡೆದೇ ಇದೆ. ಒಂಬತ್ತು ಮನೆಯ ಕನ್ನಡ ಪಟವನ್ನು ಮಕ್ಕಳು ನಮ್ಮ ವಿಭಾಗದ ಫಲಕದ ಮೇಲೆ ಅಂಟಿಸಿದ್ದಾರೆ. ಇದಕ್ಕಿಂತ ಒಳ್ಳೆಯ ಪದಗಳು ಹೊಳೆದವರು ಪೆನ್ಸಿಲ್ಲಿನಲ್ಲಿ ಬರೆದು ಹೋಗಬಹುದು.